ಎಡಗಡೆ ಹರಿದ ಟಯರುಗಳು

ನಮ್ಮ ಯಜಮಾನರ ಸೈಕಲ್ಲಿನ ಮುಂದಿನ ಟಯರಿನಲ್ಲಿ ನನ್ನ ಎರಡು ಬೆರಳು ಸಲೀಸಾಗಿ ತೂರುವಷ್ಟು ಸೀಳು ಬಿದ್ದಿತ್ತು. ರಾಜೇಶ್ವರ ದಾಟಿ ಹುಡಗಿ ಎಂಬ ಊರಿನ ಕಡೆಗೆ ಹೋಗುವ ಹೊಲದ ದಾರಿಯಲ್ಲಿ, ಕೆಂಪು ಕಲ್ಲುಗಳ ನಡುವೆ ಮಂಡಿಯೂರಿ ಕೂತು, ನಾನು ಆ ಸೀಳಿನೊಳಗೆ ಬೆರಳಿಟ್ಟು ನಂಬಲಾರದೆ ನೋಡುತ್ತಿದ್ದೆ. ಒಳಗಿದ್ದ ಬಿಳಿ ದ್ರವವೆಲ್ಲ ನೆಲಕ್ಕೆ ಸುರಿದು ಮುರುಮು ಮಣ್ಣಿನಲ್ಲಿ ಇಂಗಿಹೋಗಿತ್ತು. ಟಯರು ಹಾಕಿ ಹದಿನೈದು ದಿನವೂ ಆಗಿರಲಿಲ್ಲ. ಮೂರು ತಿಂಗಳಲ್ಲಿ ಹೀಗೆ ಹರಿದದ್ದು ಅದು ಮೂರನೆಯದು, ಮತ್ತು ಮೂರನ್ನೂ ಆರಿಸಿದವಳು ನಾನೇ.

ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಗಣಿತ ಹೇಳುತ್ತಿರುವವಳು ನಾನು. ಲೆಕ್ಕ ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿತು ಎಂದು ಹುಡುಕುವುದು ನನ್ನ ಕಸುಬು. ಆದರೆ ಈ ಲೆಕ್ಕದಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಅದೇ ದಾರಿ, ಅದೇ ಕಲ್ಲು, ಅದೇ ಅಂಗಡಿಯಿಂದ ತರಿಸಿದ ಅದೇ ಜಾತಿಯ ಟಯರು. ನನ್ನ ಸೈಕಲ್ಲಿನದು ಗಟ್ಟಿಯಾಗಿ ನಿಂತಿದೆ, ಇವರದು ಹರಿದು ಬಿದ್ದಿದೆ.

"ಕಣ್ಣು ಎಲ್ಲಿ ಇಟ್ಟಿರ್ತೀರಿ ನೀವು? ಇಷ್ಟ್ ದೊಡ್ಡ ಕಲ್ಲು ಕಾಣ್ಲಿಲ್ಲೇನ್ರಿ?" ಎಂದೆ.

"ಯಾವ ಕಲ್ಲು?" ಎಂದರು ಇವರು, ಸುತ್ತ ನೋಡುತ್ತ. ನನಗೆ ಇನ್ನಷ್ಟು ಸಿಟ್ಟು ಬಂತು. ಬಸವಕಲ್ಯಾಣದ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದವರಿಗೆ ಗೊತ್ತಿದ್ದೂ ಗೊತ್ತಿಲ್ಲದಂತೆ ಮುಖ ಮಾಡುವುದು ಅಭ್ಯಾಸವಾಗಿರುತ್ತದೆ ಎಂದುಕೊಂಡೆ.

ನಾವು ಸೈಕಲ್ಲು ಹತ್ತಿದ ಕಥೆಯನ್ನೂ ಹೇಳಬೇಕು. ಇವರಿಗೆ ಬಿ.ಪಿ. ಇತ್ತು. ಡಾಕ್ಟರು ದಿನಾ ವಾಕಿಂಗ್ ಮಾಡಿ ಎಂದರು. ಇವರಿಗೆ ವಾಕಿಂಗ್ ಎಂದರೆ ಆಗದು. ಸುಮ್ಮನೆ ಹೋಗಿ ಸುಮ್ಮನೆ ಬರುವುದು ಹುಚ್ಚರ ಕೆಲಸ ಎನ್ನುತ್ತಿದ್ದರು. ಸೈಕಲ್ಲಾದರೆ ಒಪ್ಪಿಗೆ, ಆದರೆ ಹೈವೇಯ ಮೇಲೆ ಲಾರಿಗಳ ಪಕ್ಕದಲ್ಲಿ ಬೇಡ. ಹೀಗೆ ಐವತ್ತರ ಆಚೆಗಿನ ಇಬ್ಬರು, ಗುಡ್ಡ ಹತ್ತುವ ದಪ್ಪ ಟಯರಿನ ಎರಡು ಸೈಕಲ್ಲು ತಂದೆವು. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಬಸವಕಲ್ಯಾಣದಿಂದ ಹೊಲದ ದಾರಿ, ಬಂಡಿದಾರಿ, ಕಲ್ಲುದಾರಿ ಹಿಡಿದು ಹುಮನಾಬಾದಿನ ತನಕ ಹೋಗುವುದು, ಊಟ ಮಾಡಿ ತಿರುಗಿ ಬರುವುದು. ಇಡೀ ದಿನದ ದಾರಿ. ತೊಗರಿಯಲ್ಲಿ ಕಳೆ ಕೀಳುವ ಹೆಂಗಸರು ಮೊದಮೊದಲು ನಮ್ಮನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕರು. ಒಬ್ಬಾಕೆಯಂತೂ, "ಟೀಚರ್, ಪೆಟ್ರೋಲ್ ತುಟ್ಟಿ ಆಗ್ಯಾದಂತ ಹಿಂಗ ಮಾಡಾಕತ್ತೀರೇನ್ರಿ?" ಎಂದು ಕೂಗಿಯೇ ಕೇಳಿದಳು. ಆಮೇಲೆ ಅವರೇ ಹಸಿ ಕಡಲೆಗಿಡ ಕಿತ್ತು ಕೊಡತೊಡಗಿದರು.

ಇವರ ಬಿ.ಪಿ. ಇಳಿಯಿತು. ಅದಕ್ಕಿಂತ ಹೆಚ್ಚಾಗಿ ಇವರ ಮುಖದ ಮೇಲೆ ಎಷ್ಟೋ ವರ್ಷದಿಂದ ಕಾಣದ ಒಂದು ಗೆಲುವು ಬಂತು. ಸೈಕಲ್ಲು ಇವರ ಔಷಧ ಎಂದು ನಾನು ನಂಬಿದ್ದೆ. ಆದ್ದರಿಂದಲೇ ಟಯರು ಹರಿಯತೊಡಗಿದಾಗ ನನಗೆ ಹೆದರಿಕೆ. ಎರಡನೆಯ ಸಲ ಹರಿದಾಗ ಇವರು, "ಹೋಗ್ಲಿ ಬಿಡು, ಸಾಕು ಮಾಡೋಣು" ಎಂದಿದ್ದರು. ಇವರು ಸೈಕಲ್ಲು ಬಿಟ್ಟು ಮತ್ತೆ ಕುರ್ಚಿಗೆ ಅಂಟಿಕೊಂಡರೆ ಮುಂದೆ ಏನು ಎನ್ನುವುದು ನನಗೆ ಗೊತ್ತಿತ್ತು. ಇವರ ತಂದೆಗೆ ಲಕ್ವ ಹೊಡೆದದ್ದನ್ನು ನಾನು ಸೊಸೆಯಾಗಿ ಬಂದ ವರ್ಷವೇ ಕಂಡಿದ್ದೆ. ಹರಿಯದ ಒಂದು ಟಯರು ಸಿಕ್ಕರೆ ಇವರ ಜೀವಕ್ಕೆ ಒಂದು ಭದ್ರತೆ ಸಿಕ್ಕಂತೆ ಎಂದು ನಾನು ಹಟ ಹಿಡಿದು ಕೂತೆ.

ಹುಡುಕಾಟಕ್ಕೊಂದು ನೋಟ್‌ಬುಕ್ ಇಟ್ಟೆ. ಸೈಕಲ್ಲಿನ ಜೊತೆ ಬಂದಿದ್ದ ಟಯರಿನಲ್ಲಿ ಟ್ಯೂಬು ಇತ್ತು. ಜಾಲಿಮುಳ್ಳಿಗೆ ಅದು ಭಾನುವಾರಕ್ಕೆ ಎರಡು ಸಲ ಪಂಕ್ಚರ್ ಆಗುತ್ತಿತ್ತು. ಟ್ಯೂಬು ತೆಗೆಸಿ, ನಾನೇ ಆರಿಸಿದ ಹೊಸ ಟಯರು ಹಾಕಿಸಿ ಟ್ಯೂಬ್‌ಲೆಸ್ ಮಾಡಿಸಿದೆವು. ಅದರೊಳಗೆ ಹಾಲಿನಂಥದೊಂದು ದ್ರವ ಹಾಕುತ್ತಾರೆ. ಮುಳ್ಳು ಚುಚ್ಚಿದರೆ ಆ ಹಾಲೇ ತೂತಿನಲ್ಲಿ ಹೆಪ್ಪುಗಟ್ಟಿ ಮುಚ್ಚಿಬಿಡುತ್ತದೆ. ಮೊದಲ ಸಲ ಮುಳ್ಳು ಕಿತ್ತಾಗ ಚಿರ್ರೆಂದು ಬಿಳಿ ಚಿಮ್ಮಿ ನಿಮಿಷದಲ್ಲಿ ನಿಂತದ್ದನ್ನು ಕಂಡು ನಾವಿಬ್ಬರೂ ಮಕ್ಕಳಂತೆ ಕುಣಿದಿದ್ದೆವು. ಮುಳ್ಳಿನ ಕಾಟ ಅಲ್ಲಿಗೆ ಮುಗಿಯಿತು.

ಆದರೆ ಕಲ್ಲಿನ ಕಾಟಕ್ಕೆ ಹಾಲು ಮದ್ದಲ್ಲ. ನಮ್ಮ ಕಡೆಯ ಕಲ್ಲು ಒಡೆದರೆ ಕೊಡಲಿಯ ಅಲಗಿನಂತೆ ಅಂಚು ಬಿಡುತ್ತದೆ. ಟಯರು ಅದರ ಮೇಲೆ ಹತ್ತಿದರೆ ಏನೂ ಆಗುವುದಿಲ್ಲ, ಪಕ್ಕಕ್ಕೆ ಉಜ್ಜಿದರೆ ಹರಿಯುತ್ತದೆ. ನೆಲಕ್ಕೆ ತಾಗುವ ಭಾಗದಲ್ಲಿ ರಬ್ಬರು ದಪ್ಪ, ಟಯರಿನ ಪಕ್ಕೆಯಲ್ಲಿ ತೆಳು. ಇದನ್ನು ತಿಳಿಯಲು ನನಗೆ ಒಂದು ಟಯರು ಖರ್ಚಾಯಿತು. ಎರಡನೆಯದಕ್ಕೆ ಪಕ್ಕೆ ಗಟ್ಟಿ ಇರುವುದನ್ನೇ ಹುಡುಕಿದೆ. ರಾತ್ರಿ ಅಡಿಗೆ ಮುಗಿದ ಮೇಲೆ ಮೊಬೈಲಿನಲ್ಲಿ ಎಲ್ಲೆಲ್ಲಿಯವರೋ ಬೆಟ್ಟ ಇಳಿಯುವ ವಿಡಿಯೋ ನೋಡಿದೆ. ರಬ್ಬರಿನೊಳಗಿನ ನೂಲು ಸಣ್ಣದಾಗಿ ಹೆಚ್ಚು ಹೆಣೆದಿದ್ದರೆ ಟಯರು ಧೋತರದಂತೆ ಮೆತ್ತಗೆ, ನೂಲು ದಪ್ಪಗಿದ್ದರೆ ಗೋಣಿತಟ್ಟಿನಂತೆ ಒರಟು. ಉರುಳುವುದು ಭಾರ, ಹರಿಯುವುದು ಕಡಿಮೆ. ನಾನು ಗೋಣಿತಟ್ಟನ್ನೇ ಆರಿಸಿದೆ. ಗಾಳಿ ಎಷ್ಟಿರಬೇಕೆಂದು ಇಪ್ಪತ್ತೆರಡರಿಂದ ಇಪ್ಪತ್ತೆಂಟು ಪೌಂಡಿನವರೆಗೆ ವಾರಕ್ಕೊಂದು ಅಳತೆ ಇಟ್ಟು ನೋಡಿದೆ. ಹೆಚ್ಚಾದರೆ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ, ಕಡಿಮೆಯಾದರೆ ರಿಮ್ಮಿಗೇ ಪೆಟ್ಟು. ನನ್ನ ಸೈಕಲ್ಲಿಗೆ ಇಪ್ಪತ್ನಾಲ್ಕು ಸರಿಹೋಯಿತು. ಇವರದಕ್ಕೆ ಯಾವುದೂ ಸರಿಹೋಗಲಿಲ್ಲ.

ಎರಡನೆಯದೂ ಹರಿದ ದಿನ ಇವರು ದಾರಿಯೇ ಸರಿಯಿಲ್ಲ ಎಂದಿದ್ದರು. "ಕುಣಿಯಲಾರದಾಕಿ ನೆಲ ಡೊಂಕು ಅಂದಿದ್ಳಂತ" ಎಂದು ನಾನು ಅಂದೆ. ಇವರು ನಕ್ಕರು. ಆ ನಗು ಈಗ ನೆನಪಾದರೆ ನನ್ನ ನಾಲಿಗೆ ಕಿತ್ತುಕೊಳ್ಳಬೇಕೆನಿಸುತ್ತದೆ.

ಮೂರನೆಯ ಟಯರು ಹರಿದ ಆ ಭಾನುವಾರಕ್ಕೆ ಬರುತ್ತೇನೆ. ತೂತಿಗೆ ತುರುಕುವ ರಬ್ಬರ್ ಬತ್ತಿ ಆ ಸೀಳಿಗೆ ಸಾಲಲಿಲ್ಲ. ಬಿಸ್ಕೀಟ್ ಪ್ಯಾಕೆಟ್ಟಿನ ಹಾಳೆ ಮಡಚಿ ಒಳಗಿಟ್ಟು, ಚೀಲದಲ್ಲಿದ್ದ ಹಳೆಯ ಟ್ಯೂಬು ಹಾಕಿ, ಗಾಳಿ ತುಂಬಿ, ಹೇಗೋ ಹುಡಗಿಯ ಮೇಲಿಂದ ಹುಮನಾಬಾದಿಗೆ ಮುಟ್ಟಿದೆವು. ಅಲ್ಲಿ ರಸ್ತೆಯ ಪಕ್ಕ ಲಾರಿ ಟಯರುಗಳ ಪಂಕ್ಚರ್ ಅಂಗಡಿಯೊಂದಿದೆ. ಅದರ ಮಾಲೀಕರು ಅರವತ್ತು ದಾಟಿದವರು, ಗಡ್ಡ ಪೂರ್ತಿ ಬಿಳುಪಾದವರು, ಎಲ್ಲರಿಗೂ ಚಾಚಾ. ಹಿಂದಿನ ಎರಡು ಟಯರು ಹರಿದಾಗಲೂ ಅವರ ಅಂಗಡಿಗೇ ಬಂದಿದ್ದೆವು. ಹರಿದವನ್ನು ಅಲ್ಲೇ ಬಿಟ್ಟಿದ್ದೆ. ಅವರು ತುಂಡು ಕತ್ತರಿಸಿ ಬೇರೆಯವರ ಟಯರಿಗೆ ಒಳಗಿನಿಂದ ಅಂಟಿಸುತ್ತಾರೆ. ಯಾವ ಟಯರು ಕೊಳ್ಳಬೇಕೆಂದು ಮಾತ್ರ ನಾನು ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ನನ್ನಂಥವರಿಗಾಗಿಯೇ ಹುಟ್ಟಿದ್ದು.

ಇವರು ಎದುರಿನ ಹೋಟೆಲಿನಿಂದ ಚಹಾ ತರುತ್ತೇನೆಂದು ರಸ್ತೆ ದಾಟಿ ಹೋದರು. ಚಾಚಾ ಟಯರು ಬಿಚ್ಚಿ, ಒಳಗೆ ಅಂಟಿ ಉಳಿದಿದ್ದ ಹಾಲನ್ನು ಒರೆಸಿ, ಮಣೆಯ ಮೇಲೆ ಕೂತು ತೊಡೆಯ ಮೇಲಿಟ್ಟು ತಿರುಗಿಸತೊಡಗಿದರು. ಲಾರಿ ಟಯರಿಗೆ ಅವರು ಮಾಡುವ ಕ್ರಮವೇ ಅದು: ಎಲ್ಲೆಲ್ಲಿ ಗಾಯವಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕುವುದು, ಸಣ್ಣದನ್ನೂ ಬಿಡದೆ. ದೊಡ್ಡ ಸೀಳಿಗೆ ಒಂದು ಸುತ್ತು, ಪರಚಿದ್ದಕ್ಕೆ ಒಂದು ಗೆರೆ. ನಾನು ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಮುಂದಿನ ಸಲ ಎರಡು ಪದರದ ಪಕ್ಕೆ ಇರುವುದನ್ನು ಹಾಕಿಸುತ್ತೇನೆ, ಒಂದು ಕಿಲೋ ಮೇಲೆ ತೂಗುತ್ತದೆ, ತೂಗಲಿ, ಈಗಾಗಲೇ ಆರ್ಡರ್ ಮಾಡಿದ್ದೇನೆ ಎಂದು.

ಚಾಚಾ ಎದ್ದು ಒಳಗೆ ಹೋಗಿ ನಮ್ಮ ಹಳೆಯ ಎರಡು ಟಯರು ತಂದರು. ಒಂದರಲ್ಲಿ ಒಂದು ತುಂಡು ಕತ್ತರಿಸಿ ತೆಗೆದಿದ್ದರು. ಉಳಿದದ್ದೆಲ್ಲ ಹಾಗೇ ಇತ್ತು. ಅವುಗಳಿಗೂ ಸುಣ್ಣದ ಗುರುತು ಹಾಕಿದರು. ಟಯರು ಯಾವ ದಿಕ್ಕಿಗೆ ತಿರುಗಬೇಕೆಂದು ಪಕ್ಕೆಯ ಮೇಲೆ ಒಂದು ಬಾಣದ ಗುರುತಿರುತ್ತದೆ. ಮೂರರ ಬಾಣವನ್ನೂ ಒಂದೇ ದಿಕ್ಕಿಗೆ ಮಾಡಿ ಸಾಲಾಗಿ ನಿಲ್ಲಿಸಿದರು. ಆಮೇಲೆ ನನ್ನ ಸೈಕಲ್ಲಿನ ಹತ್ತಿರ ಬಗ್ಗಿ ಅದರ ಟಯರನ್ನೂ ಎರಡೂ ಕಡೆಯಿಂದ ಬೆರಳಾಡಿಸಿ ನೋಡಿದರು.

"ಟೀಚರ್, ಒಂದ್ ಮಾತ್ ಕೇಳ್ತೀನಿ. ಗಲತ್ ತಿಳ್ಕೋಬ್ಯಾಡ್ರಿ," ಎಂದರು.

"ಕೇಳ್ರಿ ಚಾಚಾ."

"ಸಾಹೇಬ್ರಿಗೆ ಎಡಗಡಿ ಕಾಣಂಗಿಲ್ಲೇನ್ರಿ?"

ನನಗೆ ಅರ್ಥವಾಗಲಿಲ್ಲ. ಅವರು ಕೈಯಲ್ಲಿದ್ದ ಸುಣ್ಣದ ತುಂಡಿನಿಂದ ತೋರಿಸಿದರು. ಮೂರೂ ಟಯರುಗಳ ಎಡ ಪಕ್ಕೆಯ ಮೇಲೆ ಬಿಳಿ ಗುರುತುಗಳು ಒಂದರ ಮೇಲೊಂದು ಬಿದ್ದು ಜಾಗವೇ ಇರಲಿಲ್ಲ. ಬಲ ಪಕ್ಕೆ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಕರ್ರಗಿತ್ತು. ಎಲ್ಲೋ ಒಂದೆರಡು ಗೆರೆ. "ನಿಮ್ ಟಾಯರ್ ನೋಡ್ರಿ. ಆ ಕಡಿ ನಾಕ್, ಈ ಕಡಿ ಐದ್. ಬರೋಬರ್ ಅದ. ಸಾಹೇಬ್ರದು ಮೂರಕ್ಕ ಮೂರೂ ಎಡಗಡೀನೇ ಹರದಾವ. ಅವ್ರು ಬಲಗಡಿ ಕಲ್ ಎಲ್ಲಾ ಛಲೋ ತಪ್ಪಸ್ತಾರ. ಎಡಗಡಿ ಕಲ್ ಒಂದೂ ತಪ್ಪಸಂಗಿಲ್ಲ."

"ದಾರೀ ಎಡಕ್ಕ ಕಲ್ಲು ಹೆಚ್ಚಿರ್ಬೇಕ್ರಿ," ಎಂದೆ ನಾನು. ಬಾಯಿಂದ ಮಾತು ಹೊರಬೀಳುವ ಮೊದಲೇ ಅದು ತಪ್ಪೆಂದು ನನಗೆ ತಿಳಿದಿತ್ತು. ಹೋಗುವಾಗ ಎಡಕ್ಕಿದ್ದ ಕಲ್ಲು ಬರುವಾಗ ಬಲಕ್ಕಾಗುತ್ತದೆ. ನಾವು ಹೋದ ದಾರಿಯಲ್ಲೇ ತಿರುಗಿ ಬರುವವರು. ಎಂಟನೆಯ ತರಗತಿಯ ಹುಡುಗರೂ ಹೇಳಬಲ್ಲ ಲೆಕ್ಕ ಅದು. ಸೊನ್ನೆಯಿಂದ ಭಾಗಿಸಿದ ಹಾಗೆ ನನ್ನ ತಲೆ ಅಲ್ಲಿಗೇ ನಿಂತುಬಿಟ್ಟಿತು.

ಚಾಚಾ ದನಿ ತಗ್ಗಿಸಿ ಹೇಳಿದರು: "ಭಾಳ ವರ್ಷದ ಹಿಂದ ಒಬ್ಬ ಡ್ರೈವರ್ ಬರ್ತಿದ್ದ. ಅವನ ಲಾರೀ ಟಾಯರೂ ಹಿಂಗೇ, ಒಂದೇ ಕಡಿ. ನನಗ ಶಕ್ ಬಂದಿತ್ತು. ಗಿರಾಕಿ ಸಿಟ್ಟಾಗ್ತಾನಂತ ಬಾಯ್ ಮುಚ್ಕೊಂಡ್ ಕುಂತೆ. ಆಮ್ಯಾಲ ಅಂವ ಬರಲೇ ಇಲ್ಲ. ಅದಕ್ಕ ಇವತ್ ನಿಮಗ ಕೇಳಾಕತ್ತೇನಿ."

ನಾನು ತಲೆಯೆತ್ತಿ ರಸ್ತೆಯ ಆಚೆ ನೋಡಿದೆ. ಇವರು ಎರಡು ಗ್ಲಾಸು ಚಹಾ ಹಿಡಿದು ಹೋಟೆಲಿನಿಂದ ಹೊರಬಂದಿದ್ದರು. ಬಲಕ್ಕೆ ನೋಡಿದರು. ಒಂದು ಬಸ್ಸು ಹೋಗಲಿ ಎಂದು ಕಾದರು. ಅದು ಹೋದ ಮೇಲೆ ಅರ್ಧ ರಸ್ತೆ ದಾಟಿದರು. ಇವರ ಎಡಗಡೆಯಿಂದ ಒಂದು ಹಾಲಿನ ಟೆಂಪೋ ಬರುತ್ತಿತ್ತು. ಇವರು ಎಡಕ್ಕೆ ಮುಖ ತುಸು ತಿರುಗಿಸಿದ ಹಾಗೆ ಮಾಡಿದರು, ಏನೂ ಇಲ್ಲ ಎಂಬ ನೆಮ್ಮದಿಯಲ್ಲಿ ಅದರ ಮುಂದಕ್ಕೇ ಕಾಲಿಟ್ಟರು.

ನನಗೆ ಕೂಗಲಾಗಲಿಲ್ಲ. ಕೂಗಿದವರು ಚಾಚಾ: "ಸಾಬ್! ರುಕೋ!" ಇವರು ನಿಂತರು. ಟೆಂಪೋ ಇವರ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ ಬ್ರೇಕು ಕಿರುಚಿಸುತ್ತ ಸರಿದು ಹೋಯಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬೈದ. ಇವರ ಕೈಮೇಲೆ ಚಹಾ ಚೆಲ್ಲಿತ್ತು. ಅಂಗಡಿಗೆ ಬಂದು ಗ್ಲಾಸು ಕೆಳಗಿಟ್ಟು, ಬಿಸಿಗೆ ಕೈ ಕೊಡವುತ್ತ, ನಿಜವಾಗಿ ಬೆರಗಾದವರಂತೆ ಕೇಳಿದರು: "ಎಲ್ಲಿಂದ ಬಂತದು?"

ಬೆಳಿಗ್ಗೆ ಕೇಳಿದ 'ಯಾವ ಕಲ್ಲು' ಎಂಬುದೂ ಹೀಗೇ ಇತ್ತಲ್ಲ. ಇವರು ನಾಟಕ ಮಾಡುತ್ತಿರಲಿಲ್ಲ. ಒಂದೊಂದೇ ನೆನಪು ಬಂದು ನನ್ನ ಕಪಾಳಕ್ಕೆ ಬಡಿಯತೊಡಗಿತು. ನಮ್ಮಲ್ಲಿ ತಾಟಿನ ಎಡಬದಿಗೆ ಚಟ್ನಿ, ಉಪ್ಪಿನಕಾಯಿ ಬಡಿಸುತ್ತೇವೆ. ಎರಡು ಮೂರು ತಿಂಗಳಿಂದ ಇವರ ತಾಟಿನಲ್ಲಿ ಅವು ಹಾಗೇ ಉಳಿಯುತ್ತಿದ್ದವು. ಬಿ.ಪಿ.ಗೆಂದು ಉಪ್ಪು ಬಿಟ್ಟಿದ್ದಾರೆ, ನನ್ನ ಮಾತು ಕೊನೆಗೂ ಕಿವಿಗೆ ಬಿತ್ತು ಎಂದು ನಾನು ಹಿಗ್ಗಿ, ಅಕ್ಕಪಕ್ಕದವರ ಮುಂದೆ ಹೇಳಿಕೊಂಡಿದ್ದೆ. ಪೇಪರಿನವರು ಸಾಲಿನ ಮೊದಲ ಅಕ್ಷರ ನುಂಗುತ್ತಿದ್ದಾರೆ ಎಂದು ಇವರು ಗೊಣಗುತ್ತಿದ್ದರು. ಕನ್ನಡಕ ಒರೆಸಿಕೊಳ್ಳಿ ಎಂದು ನಾನು ರೇಗುತ್ತಿದ್ದೆ.

ಚಾಚಾನ ಅಂಗಡಿಯ ಗೋಡೆಗೆ ಹಳೆಯ ಟಯರುಗಳನ್ನು ಸಾಲಾಗಿ ಮೊಳೆಗೆ ನೇತುಹಾಕಿದ್ದರು. ನಾನು ಎಣಿಸಿದೆ, ಒಂಬತ್ತು. ಇವರನ್ನು ಸಾಲಿನ ನಡುವಿನ ಟಯರಿಗೆ ಎದುರಾಗಿ ನಿಲ್ಲಿಸಿದೆ.

"ಎಷ್ಟ್ ಟಯರ್ ಅದಾವ್ ಹೇಳ್ರಿ."

"ಯಾಕ? ಪರೀಕ್ಷಾ ಏನು?" ಎಂದು ನಕ್ಕರು. "ಐದು."

ನಾನು ಚಾಚಾನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಸ್ವಲ್ಪ ಕತ್ತು ಎಡಕ್ಕ ತಿರಗಸ್ರಿ," ಎಂದೆ. ಇವರು ಕತ್ತು ತಿರುಗಿಸಿದರು. ತಿರುಗಿಸಿದವರು ಹುಬ್ಬೇರಿಸಿ, "ಅರೆ! ಇವು ಈಗ ತಂದ್ ಹಾಕಿದ್ರೇನು?" ಎಂದರು.

ಇವರು ಇನ್ನೊಮ್ಮೆ ಮುಖ ಮುಂದೆ ಮಾಡಿದರು, ಮತ್ತೆ ಎಡಕ್ಕೆ ಹೊರಳಿಸಿದರು. ಹಾಗೆ ಮೂರು ನಾಲ್ಕು ಸಲ. ಇವರ ಮುಖದ ಮೇಲಿದ್ದ ನಗು ಒಮ್ಮೆಲೇ ಹೋಗಲಿಲ್ಲ. ಹೋಗಬೇಕೋ ಇರಬೇಕೋ ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ನನ್ನ ಕೈ ಹಿಡಿದುಕೊಂಡರು. ನಾಲ್ಕು ಜನರ ನಡುವೆ ಇವರು ನನ್ನ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅದೇ ಮೊದಲು.

ಸೈಕಲ್ಲುಗಳನ್ನು ಅಂಗಡಿಯಲ್ಲೇ ಬಿಟ್ಟೆವು. ಹುಮನಾಬಾದಿನ ಒಬ್ಬ ಡಾಕ್ಟರು ಇವರನ್ನು ಎದುರಿಗೆ ಕೂರಿಸಿಕೊಂಡು, ನನ್ನ ಮೂಗನ್ನೇ ನೋಡಿ ಎಂದು ಹೇಳಿ, ಎರಡೂ ಕಡೆ ಬೆರಳು ಆಡಿಸಿದರು. ಬಲಗಡೆಯ ಬೆರಳು ಆಡಿದಾಗಲೆಲ್ಲ ಇವರು ಹೂಂ ಎಂದರು. ಎಡಗಡೆಯ ಬೆರಳು ಆಡುತ್ತಲೇ ಇತ್ತು, ಇವರು ಕಾಯುತ್ತಲೇ ಇದ್ದರು. ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದರೂ ಹಾಗೇ. ಅಂದೇ ಕಲಬುರಗಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಎಂದರು. ಬಾಡಿಗೆ ಕಾರಿನಲ್ಲಿ ಇವರು ಕಿಟಕಿಗೆ ಒರಗಿ ಕೂತಿದ್ದರು. "ನನ್ನ ಕಣ್ಣು ಛಲೋನೇ ಅದಾವಲ್ಲ, ಎಲ್ಲಾ ಕಾಣ್ತದ" ಎಂದು ಎರಡು ಸಲ ಹೇಳಿದರು. ಸುಳ್ಳಲ್ಲ. ಕಾಣದಿರುವುದು ಕಾಣುತ್ತಿಲ್ಲ ಎಂದು ಮನುಷ್ಯನಿಗೆ ತಿಳಿಯುವುದಾದರೂ ಹೇಗೆ?

ಕಣ್ಣು ನಿಜವಾಗಿಯೂ ಚೆನ್ನಾಗಿದ್ದವು. ಕೆಟ್ಟದ್ದು ಮೆದುಳಿನ ಹಿಂಭಾಗದಲ್ಲಿ, ನೋಟವನ್ನು ಓದುವ ಜಾಗದಲ್ಲಿ. ಅಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು, ಎರಡೂ ಕಣ್ಣಿನ ಎಡ ಅರ್ಧದ ಜಗತ್ತು ಅಳಿಸಿಹೋಗಿತ್ತು. ಎರಡು ಮೂರು ತಿಂಗಳ ಹಿಂದಿನದಿರಬೇಕು ಎಂದರು ಕಲಬುರಗಿಯ ಡಾಕ್ಟರು. ಲಕ್ವವೇ, ಆದರೆ ಕೈಕಾಲು ಮುಟ್ಟದೆ ಹೋದದ್ದು. ಇಂಥದ್ದೊಂದು ಬಂದು ಹೋದ ಮೇಲೆ ಔಷಧವಿಲ್ಲದೆ ಓಡಾಡಿದರೆ ದೊಡ್ಡದು ಯಾವಾಗ ಬೇಕಾದರೂ ಬರಬಹುದಿತ್ತಂತೆ. "ಯಾವ ಡಾಕ್ಟರ್ ಕಂಡುಹಿಡಿದು ಕಳಿಸಿದ್ರು?" ಎಂದು ಕೇಳಿದರು. ಪಂಕ್ಚರ್ ಅಂಗಡಿಯವರು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಮಾಡಿದ್ದು ಅದೇ. ಮೂರು ತಿಂಗಳು ಟಯರಿನ ಪಕ್ಕೆ ಹಿಚುಕಿ ನೋಡಿದೆ, ನೂಲು ಎಣಿಸಿದೆ, ಗಾಳಿ ಅಳೆದೆ, ನೋಟ್‌ಬುಕ್ ತುಂಬಿಸಿದೆ. ಸೀಟಿನ ಮೇಲೆ ಕೂತವರನ್ನು ಒಮ್ಮೆ ನೋಡಲಿಲ್ಲ. ನೋಡಿದಾಗಲೂ ಬೈಯಲಿಕ್ಕೆಂದೇ ನೋಡಿದೆ. ಆಸ್ಪತ್ರೆಯ ವಾರ್ಡಿನಲ್ಲಿ ಇವರು ಮಲಗಿದಾಗ ಆ ನೋಟ್‌ಬುಕ್ಕನ್ನು ಚೀಲದಿಂದ ತೆಗೆದೆ. ಎಲ್ಲ ಅಂಕಣಗಳೂ ಇದ್ದವು: ತೂಕ, ಅಗಲ, ಗಾಳಿ, ಎಷ್ಟನೆಯ ದಿನ ಹರಿಯಿತು. ಯಾವ ಕಡೆ ಹರಿಯಿತು ಎಂಬ ಅಂಕಣ ಮಾತ್ರ ಇರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಐದು ದಿನದ ಮೇಲೆ ಮನೆಗೆ ಬಂದೆವು. ರಕ್ತ ತೆಳುವಾಗುವ ಮಾತ್ರೆ, ಬಿ.ಪಿ.ಗೆ ಬೇರೆ ಮಾತ್ರೆ. ಸೈಕಲ್ಲು ಸದ್ಯಕ್ಕೆ ಬೇಡ. ಹೋದ ನೋಟ ಪೂರ್ತಿ ಬರಲಿಕ್ಕಿಲ್ಲ. ಘಳಿಗೆಗೊಮ್ಮೆ ಕತ್ತು ಎಡಕ್ಕೆ ಹೊರಳಿಸಿ ನೋಡುವ ರೂಢಿ ಮಾಡಿಕೊಳ್ಳಬೇಕು ಎಂದಿದ್ದರು. ಇವರು ಶ್ರದ್ಧೆಯಿಂದ ಕಲಿಯುತ್ತಿದ್ದರು. ಆದರೂ ಮರೆಯುತ್ತಿದ್ದರು. ಎರಡು ಪದರದ ಆ ಟಯರನ್ನು ನಾನು ಮೂರನೆಯದು ಹರಿಯುವ ಮೊದಲೇ ಆತುರಕ್ಕೆ ಬಿದ್ದು ಆರ್ಡರ್ ಮಾಡಿಬಿಟ್ಟಿದ್ದೆ. ಅದೂ ಕೊರಿಯರಿನಲ್ಲಿ ಬಂತು. ಇವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆಟ್ಟಿನಿಂದ ಪಕ್ಕೆ ಒತ್ತಿ, "ಭಾರೀ ಗಟ್ಟಿ ಅದ. ನಿನ್ನ ಸೈಕಲ್ಲಿಗೆ ಹಾಕ್ಕೋ" ಎಂದರು.

ಅದೇ ದಿನ ಸಂಜೆ. ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಒಂದು ಉದ್ದ ಬೆಂಚಿದೆ. ಶಾಲೆಯಿಂದ ಬಂದ ಮೇಲೆ ನಾನು ಉತ್ತರಪತ್ರಿಕೆ ತಿದ್ದುವುದು ಅಲ್ಲೇ, ಎಡತುದಿಯಲ್ಲಿ, ಬಲ್ಬಿನ ಕೆಳಗೆ. ಇವರು ಬೆಂಚಿನ ನಡುವೆ ಕೂತಿರುತ್ತಾರೆ. ಈ ಮೂರು ತಿಂಗಳಲ್ಲಿ ಎಷ್ಟೋ ಸಂಜೆ ಇವರು ನಾನು ತಿದ್ದುತ್ತಿರುವಾಗಲೇ ಎದ್ದು, ನನ್ನ ತಲೆಯ ಮೇಲಿನ ದೀಪ ಆರಿಸಿ, ಒಂದು ಮಾತೂ ಆಡದೆ ಒಳಗೆ ಹೋಗಿದ್ದರು. ಟಯರಿನ ವಿಷಯಕ್ಕೆ ನಾನು ಆಡಿದ ಮಾತಿಗೆ ಸೇಡು ತೀರಿಸುತ್ತಿದ್ದಾರೆ ಎಂದು ನಾನು ಹಲ್ಲು ಕಚ್ಚಿ, ಕತ್ತಲಲ್ಲಿ ಪತ್ರಿಕೆ ಜೋಡಿಸಿಕೊಂಡು, ಎರಡೆರಡು ದಿನ ಮಾತು ಬಿಡುತ್ತಿದ್ದೆ. ಅಂದು ಸಂಜೆಯೂ ರೂಢಿಯ ಬಲದಿಂದ, ಇವರು ಬರುವ ಮೊದಲೇ, ಅಲ್ಲೇ ಹೋಗಿ ಕೂತು ಕೆಂಪು ಪೆನ್ನು ಹಿಡಿದಿದ್ದೆ. ಇವರು ಬಂದು ನನ್ನಿಂದ ಒಂದು ಮೊಳ ದೂರದಲ್ಲಿ ಕೂತರು. ಬೀದಿ ನೋಡಿದರು. ನಿಟ್ಟುಸಿರು ಬಿಟ್ಟರು. ಆಮೇಲೆ ಅಡಿಗೆಮನೆಯ ಕಡೆ ಮುಖ ಮಾಡಿ ಕೂಗಿದರು:

"ಏ, ಎಲ್ಲಿದ್ದೀ? ಒಬ್ಬನೇ ಕುಂತ್ ಕುಂತ್ ಬ್ಯಾಸರಾಗೇದ. ಸ್ವಲ್ಪ ಹೊರಗ ಬಾರ."

ನನ್ನ ಕೈಯಲ್ಲಿ ಪೆನ್ನು ಹಾಗೇ ನಿಂತಿತು. ಕೈ ಚಾಚಿದರೆ ಇವರ ಭುಜ ಸಿಗುತ್ತಿತ್ತು. ಇಷ್ಟು ದಿನ, ಇದೇ ಬೆಂಚಿನ ಮೇಲೆ, ನಾನು ಮಗ್ಗುಲಲ್ಲೇ ಮುನಿಸಿಕೊಂಡು ಕೂತಿದ್ದಾಗ, ಇವರು ಒಬ್ಬರೇ ಕೂತಿದ್ದರು.

ಸದ್ದಾಗದಂತೆ ಎದ್ದೆ. ಪತ್ರಿಕೆಗಳನ್ನು ಅಲ್ಲೇ ಬಿಟ್ಟು, ಬೆಂಚಿನ ಹಿಂದಿನಿಂದ ಸುತ್ತಿ, ಬಾಗಿಲ ಹತ್ತಿರ ಒಂದು ಕ್ಷಣ ನಿಂತು ಕಣ್ಣೊರೆಸಿಕೊಂಡು, ಇವರ ಬಲಗಡೆಗೆ ಬಂದು ಕೂತೆ.

"ಬಂದ್ಯಾ?" ಎಂದರು ಇವರು, ಮುಖವೆಲ್ಲ ಅರಳಿಸಿ. "ಯಾವಾಗಿಂದ ಕಾಯಾಕತ್ತೇನಿ."

"ಹೂಂ ರೀ," ಎಂದೆ, "ಈಗ ಬಂದೆ."